ಸೈಕಲ್ ಪ್ರಶ್ನೋತ್ತರ: ನಂದಿ ಸುತ್ತು, ಆಗುಂಬೆಯ ಇಳಿಜಾರು, ಮುಳ್ಳಯ್ಯನಗಿರಿಯ ಗೇರ್

ಪ್ರಶ್ನೆ: ಯಲಹಂಕದಿಂದ ಹೊರಟು ದೇವನಹಳ್ಳಿ, ನಂದಿ ಬೆಟ್ಟ, ದೊಡ್ಡಬಳ್ಳಾಪುರ ಸುತ್ತಿ ವಾಪಸಾಗುವ ಸುಮಾರು 100 ಕಿ.ಮೀ. ದಾರಿಯೊಂದನ್ನು ಗುರುತು ಮಾಡಿಕೊಂಡಿದ್ದೇವೆ. ಒಟ್ಟು ಏರು 880 ಮೀಟರ್ ಎಂದು ಒಂದು ಆ್ಯಪ್ ಹೇಳಿದರೆ ಇನ್ನೊಂದು 1,400 ಅನ್ನುತ್ತದೆ. ಯಾವುದನ್ನು ನಂಬುವುದು? ಯಾವ ಕಡೆಯಿಂದ ಸುತ್ತುವುದು? ಎಷ್ಟು ಹೊತ್ತಿಗೆ ಹೊರಡುವುದು?
– ನಾಲ್ವರು ಗೆಳೆಯರು, ಯಲಹಂಕ

ಉತ್ತರ: 880 ನಿಜಕ್ಕೆ ಹತ್ತಿರ. ನಂದಿಯ ನೆತ್ತಿ 1,478 ಮೀಟರ್. ಬುಡದಿಂದ ಮೇಲಕ್ಕೆ ಏಳೂವರೆಯಿಂದ ಎಂಟು ಕಿ.ಮೀ. ರಸ್ತೆ, ಸರಾಸರಿ ಏರು ಶೇ. 5ರಿಂದ 6. ಅಲ್ಲಿಗೆ 430–450 ಮೀಟರ್ ಆಯಿತು. ಉಳಿದದ್ದು ಬಯಲುಸೀಮೆಯ ತಗ್ಗುದಿಣ್ಣೆ; ಕಿ.ಮೀ.ಗೆ ಐದು ಮೀಟರ್ ಹಿಡಿದರೆ ಇನ್ನೊಂದು 430. ಕೂಡಿಸಿ ನೋಡಿ.

ಆ್ಯಪ್‌ಗಳು ಎಡವುವುದು ಹೀಗೆ: ಅವು ಎತ್ತರವನ್ನು ಓದುವುದು ಹೆಚ್ಚಾಗಿ 30 ಮೀಟರ್ ಚೌಕಗಳ ಉಪಗ್ರಹ ಮಾಹಿತಿಯಿಂದ. ಗುಡ್ಡ ಕಡಿದು ಮಾಡಿದ ರಸ್ತೆಯಲ್ಲಿ ಒಂದೇ ಚೌಕದೊಳಗೆ ಡಾಂಬರೂ ಇರುತ್ತದೆ, ಪಕ್ಕದ ಬಂಡೆಯೂ ಇರುತ್ತದೆ. ಹಾಗಾಗಿ ರೇಖೆ ಸುಮ್ಮಸುಮ್ಮನೆ ಮೇಲೆ ಕೆಳಗೆ ಕುಣಿಯುತ್ತದೆ. ಕುಣಿದಾಗ ಮೇಲೆ ಹೋದದ್ದೆಲ್ಲ ಒಟ್ಟು ಏರಿಗೆ ಸೇರುತ್ತದೆ, ಕೆಳಗೆ ಬಂದದ್ದನ್ನು ಯಾರೂ ಕಳೆಯುವುದಿಲ್ಲ. ಆದ್ದರಿಂದ 50 ಮೀಟರ್ ಉದ್ದಕ್ಕೆ ಶೇ. 22 ಏರು ಎಂದು ತೋರಿಸಿದರೆ ನಂಬಬೇಡಿ. 500 ಮೀಟರ್ ಉದ್ದಕ್ಕೆ ಶೇ. 9 ಅಂದರೆ ನಂಬಿ, ಭಯವನ್ನೂ ಪಡಿ. ಅನುಮಾನ ಉಳಿದರೆ ಸರ್ವೆ ಆಫ್ ಇಂಡಿಯಾದ 1:50,000 ಹಾಳೆ ನೋಡಿ. ಅದರಲ್ಲಿ ಎತ್ತರದ ಗೆರೆಗಳು 20 ಮೀಟರ್‌ಗೊಂದು. ಏರುವಾಗ ರಸ್ತೆ ದಾಟಿದ ಗೆರೆಗಳನ್ನು ಎಣಿಸಿ 20ರಿಂದ ಗುಣಿಸಿದರೆ ಸಾಕು.

ಇನ್ನು ದಿಕ್ಕು. ಆಷಾಢದಲ್ಲಿ ಭಕ್ತರು ನಂದಿಗಿರಿಗೆ ಪ್ರದಕ್ಷಿಣೆ ಬರುತ್ತಾರೆ. ನೀವು ಅಪ್ರದಕ್ಷಿಣೆ ಬನ್ನಿ. ಅಂದರೆ ಮೊದಲು ದೇವನಹಳ್ಳಿ, ಆಮೇಲೆ ನಂದಿ, ಕೊನೆಗೆ ದೊಡ್ಡಬಳ್ಳಾಪುರ. ನಮ್ಮದು ರಸ್ತೆಯ ಎಡಬದಿ ಸಂಚಾರ. ಅಪ್ರದಕ್ಷಿಣೆಯಾಗಿ ಸುತ್ತಿದರೆ ಮುಖ್ಯ ತಿರುವುಗಳೆಲ್ಲ ಎಡಕ್ಕೇ ಬರುತ್ತವೆ. ಹೆದ್ದಾರಿಯಿಂದ ನಂದಿ ಕಡೆಗೆ ಎಡಕ್ಕೆ ಸಲೀಸಾಗಿ ಇಳಿಯಬಹುದು. ತಿರುಗಾಮುರುಗಾ ಹೋದರೆ ಅದೇ ಹೆದ್ದಾರಿಯನ್ನು ಅಡ್ಡ ದಾಟಿ ಬಲಕ್ಕೆ ಸೇರಬೇಕು, ಅದೂ ಬಿಸಿಲೇರಿ ಲಾರಿಗಳು ಹೆಚ್ಚಾದ ಮೇಲೆ. ಯಾವುದೇ ಗುಡ್ಡವನ್ನು ಬಳಸುವ ರಸ್ತೆಗೂ ಈ ಮಾತು ಸಲ್ಲುತ್ತದೆ: ಅಪ್ರದಕ್ಷಿಣೆಯಲ್ಲಿ ನೀವು ಗುಡ್ಡದ ಗೋಡೆಯ ಪಕ್ಕ ಇರುತ್ತೀರಿ, ಪ್ರದಕ್ಷಿಣೆಯಲ್ಲಿ ಕಣಿವೆಯ ಅಂಚಿನಲ್ಲಿ. ನೋಟ ಅಂಚಿನಿಂದಲೇ ಚೆನ್ನ, ಒಪ್ಪೋಣ. ಆದರೆ ಡಾಂಬರಿನ ಅಂಚು ಮುರಿದಿರುವುದೂ ಅಲ್ಲೇ. ನೋಟಕ್ಕೆ ನಿಂತು ನೋಡಿ.

ಸಮಯಕ್ಕೆ ಒಂದು ಸೂತ್ರ: ಸಮತಟ್ಟಿಗೆ ಗಂಟೆಗೆ 20 ಕಿ.ಮೀ. ಹಿಡಿಯಿರಿ, ಪ್ರತಿ 100 ಮೀಟರ್ ಏರಿಗೆ ಆರೇಳು ನಿಮಿಷ ಸೇರಿಸಿ. ನಿಮ್ಮ ದಾರಿಗೆ ಆರು ಗಂಟೆ ಆಗುತ್ತದೆ. ತಿಂಡಿ, ಪಂಕ್ಚರ್, ಫೋಟೋಗೆ ಮೇಲೊಂದು ಗಂಟೆ. ಬೆಳಗ್ಗೆ ಐದಕ್ಕೆ ಹೊರಟರೆ ಏಳರ ಹೊತ್ತಿಗೆ ಬೆಟ್ಟದ ಬುಡ. ಶನಿವಾರ, ಭಾನುವಾರ ಸೂರ್ಯೋದಯಕ್ಕೆಂದು ಬರುವ ಕಾರುಗಳ ಸಾಲು ಆಗ ಹತ್ತಿ ಮುಗಿದಿರುತ್ತದೆ. ಅವು ಇಳಿದು ಬರುವಾಗ ತಿರುವಿನಲ್ಲಿ ನಿಮ್ಮ ಪಾಲಿನ ರಸ್ತೆಗೂ ನುಗ್ಗುತ್ತವೆ, ಎಡಕ್ಕೆ ಅಂಟಿಕೊಂಡು ಹತ್ತಿ. ಕೊನೆಯ ಎರಡು ಕಿ.ಮೀ. ಕಡಿದು. ಮೊದಲ ಅರ್ಧದಲ್ಲಿ ಮಾತಾಡುತ್ತಾ ತುಳಿಯಲು ಆಗದಿದ್ದರೆ ನೀವು ಜೋರಾಗಿ ಹೋಗುತ್ತಿದ್ದೀರಿ ಎಂದರ್ಥ.

ನೀರು ಗಂಟೆಗೆ 600–700 ಮಿ.ಲೀ., ಅದರಲ್ಲಿ ಚಿಟಿಕೆ ಉಪ್ಪು. ತಿಂಡಿಗೆ ಇಡ್ಲಿ ಸರಿ, ವಡೆ ಬೇಡ. ಜೇಬಿನಲ್ಲಿ ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ ಇರಲಿ. ಹಸಿವಾದ ಮೇಲಲ್ಲ, ಮುಕ್ಕಾಲು ಗಂಟೆಗೊಮ್ಮೆ ತಿನ್ನಿ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ಮೊದಲು ಬ್ರೇಕ್ ಕಿರುಚುತ್ತದೆ, ಸೋಮೇಶ್ವರ ಹತ್ತಿರವಾಗುವಷ್ಟರಲ್ಲಿ ಹಿಡಿಯುವುದೇ ಇಲ್ಲ. ರಿಮ್ ಬ್ರೇಕ್ (ಚಕ್ರದ ರಿಮ್ಮನ್ನು ರಬ್ಬರ್ ತುಂಡುಗಳು ಒತ್ತಿ ನಿಲ್ಲಿಸುವಂಥದ್ದು) ಇರುವ ಹೈಬ್ರಿಡ್ ಸೈಕಲ್.
– ತೀರ್ಥಹಳ್ಳಿಯ ಓದುಗರು

ಉತ್ತರ: ಲಿವರ್ ಒತ್ತಿದಾಗ ಹ್ಯಾಂಡಲ್‌ಗೆ ತಾಗುತ್ತದೆಯೋ, ಗಟ್ಟಿಯಾಗಿದ್ದೂ ಸೈಕಲ್ ನಿಲ್ಲುವುದಿಲ್ಲವೋ? ತಾಗಿದರೆ ರಬ್ಬರ್ ಸವೆದಿದೆ ಅಥವಾ ಕೇಬಲ್ ಸಡಿಲ. ಲಿವರ್ ಬಳಿಯ ಅಡ್ಜಸ್ಟರನ್ನು ಎರಡು ಸುತ್ತು ಹೊರಕ್ಕೆ ತಿರುಗಿಸಿ. ರಬ್ಬರಿನ ಗೀರುಗಳು ಮಾಸಿದ್ದರೆ ಹೊಸದು ಹಾಕಿಸಿ. ಗಟ್ಟಿಯಾಗಿದ್ದೂ ಹಿಡಿಯದಿದ್ದರೆ ರಬ್ಬರ್ ಕಾದು ಮೇಲ್ಮೈ ಗಾಜಿನಂತಾಗಿದೆ. ಮರಳುಕಾಗದದಿಂದ ಉಜ್ಜಿ, ಒಳಗೆ ಕಚ್ಚಿಕೊಂಡ ಅಲ್ಯೂಮಿನಿಯಂ ಚೂರುಗಳನ್ನು ಸೂಜಿಯಿಂದ ತೆಗೆಯಿರಿ, ರಿಮ್ಮನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಆದರೆ ರೋಗದ ಮೂಲ ನೀವು ಬ್ರೇಕ್ ಹಿಡಿಯುವ ರೀತಿಯಲ್ಲೇ ಇರಬಹುದು. ಸವಾರ, ಸೈಕಲ್ ಸೇರಿ 82 ಕೆ.ಜಿ. ತೂಕ 500 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಸುಮಾರು 400 ಕಿಲೋಜೂಲ್, ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ವೇಗವಾಗಿ ಇಳಿದಾಗ ಅದರ ದೊಡ್ಡ ಪಾಲನ್ನು ಗಾಳಿಯೇ ತಿಂದುಹಾಕುತ್ತದೆ. ಹೆದರಿ ಉದ್ದಕ್ಕೂ ಬ್ರೇಕ್ ಒತ್ತಿ ನಿಧಾನ ಇಳಿದರೆ ಬಹುಪಾಲು ರಿಮ್ಮಿಗೇ ಹೋಗುತ್ತದೆ. ಕೆಲವೊಮ್ಮೆ ಟ್ಯೂಬೇ ಸಿಡಿಯುತ್ತದೆ. ಆಗುಂಬೆಯ 14 ತಿರುವುಗಳ ನಡುವೆ ನೇರ ತುಂಡುಗಳಿವೆ. ಅಲ್ಲಿ ಬ್ರೇಕ್ ಬಿಡಿ, ತಿರುವಿಗೆ ಮೊದಲು ಎರಡನ್ನೂ ಜೋರಾಗಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಮತ್ತೆ ಬಿಡಿ. ತಿರುಗುವಾಗ ಹೊರಬದಿಯ ಪೆಡಲ್ ಕೆಳಗಿರಲಿ.

ಬಸ್ಸು ಹತ್ತಿ ಬರುತ್ತಿದ್ದರೆ ನೀವೇ ನಿಲ್ಲಿ. ಘಾಟಿಯಲ್ಲಿ ಮೊದಲ ಹಕ್ಕು ಏರುವ ವಾಹನದ್ದು, ನಿಯಮವೂ ಹಾಗೇ ಇದೆ. ಮಳೆಗಾಲದಲ್ಲಿ ಈ ಘಾಟಿಯನ್ನು ಸೈಕಲ್ಲಿನಲ್ಲಿ ಇಳಿಯಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ: ನೆರಳಿನ ಅಂಚಿನಲ್ಲಿ ಪಾಚಿ, ಒದ್ದೆ ರಿಮ್ಮಿನಲ್ಲಿ ಬ್ರೇಕಿನ ಮೊದಲ ಹಿಡಿತ ನೀರು ಒರೆಸುವುದಕ್ಕೇ ಖರ್ಚು. ಹತ್ತುವುದಾದರೆ ಹತ್ತಿ, ಅಡ್ಡಿಯಿಲ್ಲ.

ಪ್ರಶ್ನೆ: ನನ್ನ ಸೈಕಲ್ಲಿನ ಮುಂದಿನ ಹಲ್ಲುಚಕ್ರಗಳು 50/34 ಹಲ್ಲಿನವು, ಹಿಂದಿನವು 11–28. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಮಂಡಿ ನೋಯುತ್ತದೆ. ಗೇರ್ ಬದಲಿಸಬೇಕೇ, ಅಭ್ಯಾಸ ಸಾಲದೇ?
– ಚಿಕ್ಕಮಗಳೂರು

ಉತ್ತರ: ಗೇರ್ ಬದಲಿಸಿ. ಮುಂದಿನ 34ಕ್ಕೆ ಹಿಂದಿನ 28 ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9.3 ಕಿ.ಮೀ. ಶೇ. 10ರ ಏರಿನಲ್ಲಿ ಅದಕ್ಕೆ 200 ವ್ಯಾಟ್‌ಗೂ ಮೇಲೆ ಬೇಕು. ಅಷ್ಟು ಬಲ ಇಲ್ಲದವರು 40 ಸುತ್ತಿಗೆ ಇಳಿದು ಇಡೀ ಭಾರವನ್ನು ಮಂಡಿಗೆ ಹಾಕುತ್ತಾರೆ. ಹಿಂದೆ 34 ಹಲ್ಲು ಇದ್ದರೆ ಅದೇ 60 ಸುತ್ತಿಗೆ 7.7 ಕಿ.ಮೀ.; ಬೇಕಾಗುವ ಶಕ್ತಿ ಆರರಲ್ಲಿ ಒಂದು ಪಾಲು ಕಡಿಮೆ.

ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕೊಳ್ಳುವ ಮೊದಲು ಹಿಂದಿನ ಡಿರೈಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ನೋಡಿ. ಉದಾಹರಣೆಗೆ ಶಿಮಾನೊ ಸೋರಾ ಆರ್3000ದಲ್ಲಿ ಜಿಎಸ್ ಎಂದು ಬರೆದಿರುವ ಉದ್ದನೆಯ ಮಾದರಿ 34 ಹಲ್ಲು ತಾಳುತ್ತದೆ, ಗಿಡ್ಡ ಮಾದರಿ ತಾಳುವುದಿಲ್ಲ. ಚೈನನ್ನೂ ಹೊಸದಾಗಿ ಹಾಕಿಸಿ. ಹಳೆಯ ಚೈನು ಗಿಡ್ಡವಾಗಿ, ಅರಿಯದೆ ಮುಂದೆ 50, ಹಿಂದೆ 34ಕ್ಕೆ ಹಾಕಿಬಿಟ್ಟರೆ ಡಿರೈಲರ್ ಸಿಕ್ಕಿಕೊಂಡು ಅದರ ಕೊಂಡಿ ಮುರಿಯುತ್ತದೆ. ಸೀಟಿನ ಎತ್ತರವನ್ನೂ ಪರೀಕ್ಷಿಸಿ: ಪೆಡಲ್ ತೀರ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮಂಡಿಚಿಪ್ಪಿನ ಮುಂಭಾಗ ನೋಯುವವರಲ್ಲಿ ಅನೇಕರ ಸೀಟು ತಗ್ಗಿರುತ್ತದೆ.

ಪ್ರಶ್ನೆ: ಹಳ್ಳಿ ರಸ್ತೆ ಚೆನ್ನಾಗಿದೆಯೋ ಇಲ್ಲವೋ ಹೋಗುವ ಮುಂಚೆ ತಿಳಿಯುವುದು ಹೇಗೆ? – ಹಾಸನ

ಉತ್ತರ: ಉಪಗ್ರಹ ಚಿತ್ರದಲ್ಲಿ ಡಾಂಬರು ಕಪ್ಪಗೆ, ಮಣ್ಣು ಕೆಂಪಗೆ ಕಾಣುತ್ತದೆ, ಚಿತ್ರ ಎಂದಿನದು ಎಂಬುದನ್ನು ನೋಡಿಕೊಳ್ಳಿ. ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಬದಿಯ ಫಲಕದಲ್ಲಿ ಮುಗಿದ ದಿನಾಂಕ ಇರುತ್ತದೆ. ಗುತ್ತಿಗೆದಾರನ ನಿರ್ವಹಣೆ ಐದು ವರ್ಷ. ಅದರೊಳಗಿನ ರಸ್ತೆಗೆ 28 ಮಿ.ಮೀ. ಟೈರ್ ಸಾಕು, ಆಮೇಲಿನದಕ್ಕೆ 32 ಇರಲಿ. ಹಾಳಾದ ತುಂಡನ್ನು ತಪ್ಪಿಸಲಾಗದಿದ್ದರೆ ಅದು ಏರಿನಲ್ಲಿ ಬರುವ ಹಾಗೆ ಸುತ್ತನ್ನು ಹೊಂದಿಸಿ, ಆಗ ಅಪ್ರದಕ್ಷಿಣೆಯ ನಿಯಮ ಬಿಟ್ಟರೂ ಸರಿ. ಗುಂಡಿ ಏರಿನಲ್ಲಿ ಬರೀ ಕಿರಿಕಿರಿ, ಇಳಿಜಾರಿನಲ್ಲಿ ಆಸ್ಪತ್ರೆ.

ಪ್ರಶ್ನೆ: ಊರಿನ ಪಂಕ್ಚರ್ ಅಂಗಡಿಯಲ್ಲಿ ನನ್ನ ಸೈಕಲ್ಲಿಗೆ ಗಾಳಿ ತುಂಬಲು ಆಗಲಿಲ್ಲ. – ಶಿರಸಿ

ಉತ್ತರ: ನಿಮ್ಮದು ಸಪೂರ ಪ್ರೆಸ್ಟಾ ವಾಲ್ವ್, ಅಂಗಡಿಯ ಕಂಪ್ರೆಸರ್ ಮೂತಿ ಬೈಕಿನ ವಾಲ್ವಿಗೆ ಹೊಂದುವಂಥದ್ದು. ಹಿತ್ತಾಳೆಯ ಸಣ್ಣ ಅಡಾಪ್ಟರ್ ಸಿಗುತ್ತದೆ, ಒಂದನ್ನು ವಾಲ್ವಿಗೇ ತಿರುಗಿಸಿಟ್ಟಿರಿ. ಗಾಳಿ ಹಾಕುವ ಮುಂಚೆ ವಾಲ್ವಿನ ತುದಿಯ ಪುಟ್ಟ ತಿರುಪು ಸಡಿಲಿಸಬೇಕು. ಕಂಪ್ರೆಸರನ್ನು ಒಮ್ಮೆಲೇ ಒತ್ತಿ ಹಿಡಿಯಲು ಬಿಡಬೇಡಿ, ಚಿಕ್ಕ ಟ್ಯೂಬು ಕ್ಷಣದಲ್ಲಿ ಒಡೆಯುತ್ತದೆ.