ರೈಡರ್ ಹೋದರೆ ಇನ್ನೊಬ್ಬ ಸಿಕ್ಕಾನು, ಕಾರ್ನರ್ ಹೋದರೆ?

ಕಬಡ್ಡಿ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಮನೆಯವರೆಲ್ಲ ಬೆಂಗಳೂರು ಬುಲ್ಸ್ ಅಭಿಮಾನಿಗಳು. ಆದರೆ ಪ್ರತಿ ಸಲ ಪ್ರೊ ಕಬಡ್ಡಿ ಲೀಗ್‌ನ ಹರಾಜು ಮುಗಿದ ಮೇಲೆ ಪಟ್ಟಿ ನೋಡಿದರೆ ಗುರುತಿನ ಮುಖಗಳೇ ಇರುವುದಿಲ್ಲ. ಪವನ್ ಹೋದರು, ಭರತ್ ಹೋದರು. ಪ್ರದೀಪ್ ನರ್ವಾಲ್ ಬಂದರು, ಆ ವರ್ಷ ತಂಡ ಕೊನೆಯ ಸ್ಥಾನಕ್ಕೆ ಬಿತ್ತು. ದೊಡ್ಡ ರೈಡರ್ ಇಲ್ಲದ ಮರುವರ್ಷ ಮೂರನೇ ಸ್ಥಾನ ಸಿಕ್ಕಿತು! ಹೊಸ ಪಟ್ಟಿ ಬಂದಾಗ ಯಾರ ಹೆಸರನ್ನು ಮೊದಲು ನೋಡಬೇಕು? (ಕುಂಬಳೆಯ ಓದುಗರು)

ಉತ್ತರ: ಹಿಡಿಯುವ ಸಾಲಿನ ಎರಡು ತುದಿಗಳಲ್ಲಿ ನಿಲ್ಲುವ ಕಾರ್ನರ್‌ಗಳ ಹೆಸರು ನೋಡಿ. ಅವರಿಂದ ಒಳಕ್ಕೆ, ಸಾಲಿನ ನಡುವಿನ ಬಳಿ ನಿಲ್ಲುವ ಕವರ್‌ಗಳು ಯಾರು ಎಂದು ಆಮೇಲೆ ನೋಡಿ. ಎದುರಾಳಿಯ ಅಂಕಣಕ್ಕೆ ನುಗ್ಗಿ ಅಂಕ ತರುವ ರೈಡರ್‌ಗಳ ಸಾಲಿಗೆ ಕೊನೆಗೆ ಬಂದರೆ ಸಾಕು.

ಪವನ್ ಸೆಹ್ರಾವತ್ ಅವರ ದಾರಿಯನ್ನೇ ನೆನಪು ಮಾಡಿಕೊಳ್ಳಿ. ಬುಲ್ಸ್ 6ನೇ ಆವೃತ್ತಿಯ ಫೈನಲ್‌ನಲ್ಲಿ ಗುಜರಾತನ್ನು 38-33ರಿಂದ ಸೋಲಿಸಿದಾಗ ಅವರೊಬ್ಬರೇ 22 ಅಂಕ ತಂದಿದ್ದರು. 2022ರಲ್ಲಿ ತಮಿಳ್ ತಲೈವಾಸ್ ಅವರನ್ನು 2.26 ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವರು ಇಡೀ ಆವೃತ್ತಿ ಹೊರಗುಳಿದರು. ತಲೈವಾಸ್ ಕತೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಆ ತಂಡ ಮೊದಲ ಬಾರಿಗೆ ಸೆಮಿಫೈನಲ್ ತಲುಪಿದ್ದು ಅದೇ ವರ್ಷ. ನರೇಂದರ್ ಎಂಬ ಹೊಸ ಹುಡುಗ ರೈಡಿಂಗ್ ಹೊತ್ತುಕೊಂಡ. ಸಾಗರ್ ರಾಠಿ, ಸಾಹಿಲ್ ಗುಲಿಯಾ ಎರಡು ಮೂಲೆಗಳನ್ನು ಕಾದರು. ಮರುವರ್ಷ ಪವನ್ 2.605 ಕೋಟಿಗೆ ತೆಲುಗು ಟೈಟನ್ಸ್ ಸೇರಿದರು. ಟೈಟನ್ಸ್ 22 ಪಂದ್ಯಗಳಲ್ಲಿ ಎರಡೇ ಎರಡು ಗೆದ್ದು ಕೊನೆಯಲ್ಲಿ ನಿಂತಿತು. ಇದು ಪವನ್ ಅವರ ತಪ್ಪಲ್ಲ. ಅವರು ತಂದ ಅಂಕಗಳನ್ನು ಹಿಂದೆ ನಿಂತವರು ಬಿಟ್ಟುಕೊಡುತ್ತಿದ್ದರು.

ಕಾರ್ನರ್ ಆಟಗಾರನ ಕೆಲಸವನ್ನು ಒಮ್ಮೆ ನಿಧಾನವಾಗಿ ನೋಡಿದರೆ ಇದು ತಿಳಿಯುತ್ತದೆ. ಅಂಕಣದ ಅರ್ಧ ಭಾಗ 6.5 ಮೀಟರ್ ಆಳ. ನಡುಗೆರೆಯಿಂದ 3.75 ಮೀಟರಿಗೆ ರೈಡರ್ ದಾಟಲೇಬೇಕಾದ ಬಾಕ್ ಲೈನ್, ಅಲ್ಲಿಂದ 1 ಮೀಟರ್ ಹಿಂದೆ ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆ. ರೈಡರ್ ಬೋನಸ್‌ಗೆಂದು ಒಂದು ಕಾಲು ಚಾಚುತ್ತಾನೆ, ಹಿಂದಿನ ಕಾಲು ಗಾಳಿಯಲ್ಲಿದೆ, ಮೈಭಾರವೆಲ್ಲ ಮುಂದಿದೆ. ಕಾರ್ನರ್ ಪಾದದ ಗಂಟಿಗೆ ಕೈಹಾಕಬೇಕಾದದ್ದು ಆ ಕ್ಷಣಕ್ಕೇ. ಹಾಕಿದ ಮೇಲೂ ಅವನೊಬ್ಬನಿಂದ ಕೆಲಸ ಆಗುವುದಿಲ್ಲ. ಕಾರ್ನರ್ ಮತ್ತು ಕವರ್ ನಡುವೆ ನಿಲ್ಲುವ 'ಇನ್' ಆಟಗಾರ ರೈಡರ್‌ನ ಸೊಂಟಕ್ಕೆ ಬರಬೇಕು, ಕವರ್ ನಡುಗೆರೆಯ ದಾರಿಯನ್ನು ಮುಚ್ಚಬೇಕು. ಕವರ್ ಅರ್ಧ ಸೆಕೆಂಡ್ ತಡವಾದರೆ ರೈಡರ್ ಕಾರ್ನರನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಬೇಗ ಬಂದರೆ ಕಾರ್ನರ್ ಹಿಡಿಯುವ ಮೊದಲೇ ಕವರ್ ಮುಟ್ಟಿಸಿಕೊಂಡಿರುತ್ತಾನೆ. ಈ ಹೊಂದಾಣಿಕೆ ಹರಾಜಿನಲ್ಲಿ ಸಿಗುವ ಸರಕಲ್ಲ, ಜೊತೆಗೆ ಆಡಿ ಆಡಿಯೇ ಬರಬೇಕು.

ಹರಿಯಾಣ ಸ್ಟೀಲರ್ಸ್ ಇದನ್ನು ಅರಿತು ನಡೆದ ತಂಡ. 10ನೇ ಆವೃತ್ತಿಯ ಫೈನಲ್‌ನಲ್ಲಿ ಪುಣೇರಿ ಪಲ್ಟನ್ ಎದುರು 28-25ರಿಂದ ಸೋತ ಮೇಲೂ ಅವರು ಗಾಬರಿಯಾಗಿ ತಂಡ ಒಡೆಯಲಿಲ್ಲ. ಜೈದೀಪ್ ದಹಿಯಾ ಮತ್ತು ರಾಹುಲ್ ಸೇಠ್‌ಪಾಲ್ ಅವರನ್ನು ಹಾಗೇ ಉಳಿಸಿಕೊಂಡು, ಒಂದು ಮೂಲೆಗೆ ಇರಾನಿನ ಮೊಹಮ್ಮದ್‌ರೆಝಾ ಶಾದ್ಲೂಯಿ ಅವರನ್ನು 2.07 ಕೋಟಿ ಕೊಟ್ಟು ತಂದರು. ಮರು ಆವೃತ್ತಿಯ ಕಪ್ ಅವರದ್ದಾಯಿತು. ದೊಡ್ಡ ಹಣ ಹಾಕುವುದಿದ್ದರೆ ಹೀಗೆ ಹಾಕಬೇಕು.

ಬುಲ್ಸ್‌ಗೆ ಬರೋಣ. 11ನೇ ಆವೃತ್ತಿಯಲ್ಲಿ 22 ಪಂದ್ಯಗಳಲ್ಲಿ 2 ಗೆಲುವು ಕಂಡ ತಂಡವನ್ನು ಒಡೆದದ್ದು ಸರಿಯಾದ ನಿರ್ಧಾರವೇ. ತರಬೇತುದಾರರಾಗಿ ನಮ್ಮ ಬಿ.ಸಿ. ರಮೇಶ್ ಬಂದರು. 7ನೇ ಆವೃತ್ತಿಯಲ್ಲಿ ಬೆಂಗಾಲ್‌ಗೂ 10ನೇ ಆವೃತ್ತಿಯಲ್ಲಿ ಪುಣೆಗೂ ಕಪ್ ಗೆದ್ದುಕೊಟ್ಟವರು ಅವರು. ಹರಾಜಿನಲ್ಲಿ ಬುಲ್ಸ್ ಅತಿ ಹೆಚ್ಚು ಹಣ ಕೊಟ್ಟದ್ದು ಹಿಡಿಯುವವರಿಗೆ. ಯೋಗೇಶ್ ದಹಿಯಾ, ಅಂಕುಶ್ ರಾಠಿ ಇಬ್ಬರೂ ಕಾರ್ನರ್‌ಗಳೇ. ಹರಿಯಾಣದಲ್ಲಿ ಕವರ್ ಆಗಿದ್ದ ಸಂಜಯ್ ಧುಲ್ ಕೂಡ ಬಂದರು. ಶುರುವಿನಲ್ಲಿ ಸೋಲುಗಳು ಸಾಲುಗಟ್ಟಿದ್ದು ಸಹಜವೇ, ಹೊಸ ಕಾರ್ನರ್ ಮತ್ತು ಹೊಸ ಕವರ್ ಒಬ್ಬರನ್ನೊಬ್ಬರು ಅರಿಯಲು ಹೊತ್ತು ಬೇಕು. ಆಮೇಲೆ ಇರಾನಿನ ಅಲಿರೆಝಾ ಮಿರ್ಝಾಯಿಯಾನ್ ರೈಡಿಂಗ್‌ನಲ್ಲಿ ತಂದ ಅಂಕಗಳು ಉಳಿಯತೊಡಗಿದವು. ಆದ್ದರಿಂದ ಮುಂದಿನ ಪಟ್ಟಿ ಕೈಗೆ ಬಂದಾಗ ಹೀಗೆ ಕೇಳಿಕೊಳ್ಳಿ: ಹಿಡಿಯುವ ಸಾಲಿನಲ್ಲಿ ಹಿಂದಿನ ವರ್ಷ ಜೊತೆಗೆ ಆಡಿದವರು ಎಷ್ಟು ಜನ? ಮೂವರಿದ್ದರೆ ನೆಮ್ಮದಿಯಿಂದ ಟಿವಿ ಮುಂದೆ ಕೂತುಕೊಳ್ಳಿ. ಒಬ್ಬನೇ ಇದ್ದರೆ ಮೊದಲ ಆರೇಳು ಪಂದ್ಯ ತಾಳ್ಮೆ ಇರಲಿ.

ಪ್ರಶ್ನೆ: ಒಳ್ಳೆಯ ಆಟಗಾರನನ್ನು ತಂಡ ಯಾಕೆ ಬಿಟ್ಟುಕೊಡುತ್ತದೆ? ಎಫ್‌ಬಿಎಂ ಎನ್ನುವುದು ಇದೆಯಲ್ಲ, ಅದನ್ನು ಬಳಸಿ ಎಲ್ಲರನ್ನೂ ಇಟ್ಟುಕೊಳ್ಳಬಹುದಲ್ಲ? (ಉಪ್ಪಳದ ವಿದ್ಯಾರ್ಥಿ)

ಉತ್ತರ: ಎಫ್‌ಬಿಎಂ ಎಂದರೆ ಫೈನಲ್ ಬಿಡ್ ಮ್ಯಾಚ್. ಹರಾಜಿನಲ್ಲಿ ಬೇರೆ ತಂಡ ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಹಳೆಯ ತಂಡ ತನ್ನ ಆಟಗಾರನನ್ನು ಮರಳಿ ಪಡೆಯಬಹುದು. ಆದರೆ ಆ ಹಕ್ಕು ಕೆಲವೇ ಕೆಲವು ಬಾರಿ, ಮತ್ತು ಕೊಡುವ ಹಣ ತನ್ನ ಚೀಲದಿಂದಲೇ ಹೋಗಬೇಕು.

ಲೆಕ್ಕ ಹಾಕಿ ನೋಡಿ. 12ನೇ ಆವೃತ್ತಿಯಲ್ಲಿ ಒಂದು ತಂಡದ ಒಟ್ಟು ಹಣ 5 ಕೋಟಿ, ಕನಿಷ್ಠ 18 ಆಟಗಾರರು ಬೇಕಿತ್ತು. ರೈಡರ್ ದೇವಾಂಕ್ ದಲಾಲ್ ಅವರ ಬೆಲೆ 2.205 ಕೋಟಿಗೆ ಏರಿತು. ಆ ಮೊತ್ತ ಕೊಟ್ಟ ಮೇಲೆ ಉಳಿಯುವುದು ಹತ್ತಿರ ಹತ್ತಿರ 2.80 ಕೋಟಿ, ಅದರಲ್ಲಿ ಇನ್ನೂ 17 ಜನ. ತಲೆಗೆ ಸುಮಾರು 16.5 ಲಕ್ಷ. ಆಗ ಹರಾಜಿನ ಎ ವಿಭಾಗದ ಮೂಲಬೆಲೆಯೇ 30 ಲಕ್ಷ, ಬಿ ವಿಭಾಗದ್ದು 20 ಲಕ್ಷ. ಅಂದರೆ ಉಳಿದವರನ್ನು ಹೆಚ್ಚಾಗಿ 13 ಲಕ್ಷದ ಸಿ ಮತ್ತು 9 ಲಕ್ಷದ ಡಿ ವಿಭಾಗಗಳಿಂದ ಹೆಕ್ಕಬೇಕು. ಪಟ್ನಾ ಪೈರೇಟ್ಸ್‌ಗೆ 11ನೇ ಆವೃತ್ತಿಯಲ್ಲಿ 301 ರೈಡ್ ಅಂಕ ತಂದುಕೊಟ್ಟವರು ದೇವಾಂಕ್. ಆದರೂ ಪಟ್ನಾ ಬಿಟ್ಟುಕೊಟ್ಟು ಯುವಕ ಅಯಾನ್ ಲೋಹ್‌ಚಬ್ ಅವರನ್ನು ಇಟ್ಟುಕೊಂಡಿತು. ದೇವಾಂಕ್‌ರನ್ನು ಕೊಂಡ ಬೆಂಗಾಲ್ ಪ್ಲೇ ಆಫ್‌ಗೆ ಬರಲಿಲ್ಲ. ಪಟ್ನಾ ಬಂತು, ಬಂದು ನಮ್ಮ ಬುಲ್ಸನ್ನೇ 46-37ರಿಂದ ಮನೆಗೆ ಕಳಿಸಿತು. ನೋವಿನ ಉದಾಹರಣೆ, ಆದರೆ ಪಟ್ನಾದ ಲೆಕ್ಕಾಚಾರ ಅಪ್ಪಟವಾಗಿತ್ತು.

ಪ್ರಶ್ನೆ: ನಮ್ಮ 65 ಕೆ.ಜಿ. ತಂಡದ ಮುಖ್ಯ ರೈಡರ್ ಮಳೆಗಾಲದಲ್ಲಿ 68ಕ್ಕೆ ಏರಿದ್ದಾನೆ. ಪಂದ್ಯಾಟಕ್ಕೆ ಆರು ವಾರ ಇದೆ. ಇಳಿಸಬಹುದೇ, ಅಥವಾ ಬೇರೆಯವನನ್ನು ಹುಡುಕಬೇಕೇ? (ಮುಳ್ಳೇರಿಯ)

ಉತ್ತರ: ವಾರಕ್ಕೆ ಅರ್ಧ ಕಿಲೋ ಇಳಿಸಿದರೆ ಆರು ವಾರದಲ್ಲಿ 3 ಕಿಲೋ. ಪೂರ್ತಿ ಬೆಳೆದ ಹುಡುಗನಾದರೆ ಆಗುವ ಕೆಲಸವೇ. ರಾತ್ರಿಯ ಕುಚ್ಚಲಕ್ಕಿ ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಲಿ. ಪೊರೋಟ, ಬಾಟಲಿ ಜ್ಯೂಸ್, ಬೇಕರಿ ತಿಂಡಿ ನಿಲ್ಲಲಿ. ಮೀನಿನ ಸಾರು, ಮೊಟ್ಟೆ, ಹೆಸರುಕಾಳು ಕಡಿಮೆ ಮಾಡುವುದು ಬೇಡ, ಮಾಡಿದರೆ ಕಾಲಿನ ಬಲ ಮೊದಲು ಹೋಗುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದೇ ತೂಕದ ಯಂತ್ರದ ಮೇಲೆ ನಿಲ್ಲಲಿ.

ಕೊನೆಯ ಎರಡು ದಿನ ನೀರು ಬಿಟ್ಟು, ಮಳೆಕೋಟು ಹಾಕಿಕೊಂಡು ಓಡಿ ತೂಕ ಇಳಿಸುವ ಕ್ರಮ ನಮ್ಮಲ್ಲಿ ಇದೆ. ಅದು ಅಪಾಯ. ತೂಕ ಸರಿ ಬಂದರೂ ದ್ವಿತೀಯಾರ್ಧದಲ್ಲಿ ಮೀನಖಂಡ ಸೆಳೆದು ಬೀಳುತ್ತಾನೆ. ಹದಿನೆಂಟು ತುಂಬದ, ಇನ್ನೂ ಎತ್ತರ ಬೆಳೆಯುತ್ತಿರುವ ಹುಡುಗನಾದರೆ ಇಳಿಸುವ ಮಾತೇ ಬೇಡ. ಅವನು ಮುಕ್ತ ವಿಭಾಗದಲ್ಲಿ ಆಡಲಿ, 65ಕ್ಕೆ ಇನ್ನೊಬ್ಬನನ್ನು ಈಗಲೇ ತಯಾರು ಮಾಡಿ.

ಪ್ರಶ್ನೆ: ನಮ್ಮ ಕ್ಲಬ್‌ನ ಲೆಫ್ಟ್ ಕಾರ್ನರ್‌ಗೆ ಗಲ್ಫ್ ವೀಸಾ ಬಂದಿದೆ, ಇನ್ನೊಂದು ತಿಂಗಳಲ್ಲಿ ಹೋಗುತ್ತಾನೆ. ಕವರ್ ಆಡುತ್ತಿದ್ದವನಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿ ಭಾನುವಾರ ಮಾತ್ರ ಊರಿಗೆ ಬರುತ್ತಾನೆ. ಹೊನಲು ಬೆಳಕಿನ ಪಂದ್ಯಾಟಗಳು ಶುರುವಾಗಲು ಎರಡು ತಿಂಗಳಿದೆ. ಹೊರಗಿನಿಂದ ಒಬ್ಬ ಕಾರ್ನರನ್ನು ಕರೆಸುವುದೋ, ನಮ್ಮ ಹುಡುಗರನ್ನೇ ನಿಲ್ಲಿಸುವುದೋ? (ಬದಿಯಡ್ಕದ ಕ್ಲಬ್ ಕಾರ್ಯದರ್ಶಿ)

ಉತ್ತರ: ಕರೆಸುವುದಾದರೆ ರೈಡರನ್ನು ಕರೆಸಿ. ಕಾರ್ನರನ್ನು ಊರಿನಲ್ಲೇ ಬೆಳೆಸಿ. ಅತಿಥಿ ರೈಡರ್ ಸಂಜೆ ಬಸ್ಸಿಳಿದು ಬಂದು ರಾತ್ರಿ ಹತ್ತು ಅಂಕ ತರಬಲ್ಲ, ಅವನು ಒಳಗೆ ಹೋಗುವುದು ಒಬ್ಬನೇ. ಅತಿಥಿ ಕಾರ್ನರ್ ನಿಮ್ಮ ಕವರ್‌ನ ಕೈಸನ್ನೆಯೂ ಗೊತ್ತಿಲ್ಲದೆ ನಿಲ್ಲುತ್ತಾನೆ. ಎಷ್ಟು ಹಣ ಕೊಟ್ಟರೂ ಸರಪಳಿ ಅಲ್ಲೇ ತುಂಡಾಗುತ್ತದೆ. ಹೊರಗಿನವರು ಎಷ್ಟು ಮಂದಿ ಆಡಬಹುದು ಎಂಬುದು ಒಂದೊಂದು ಪಂದ್ಯಾಟಕ್ಕೆ ಒಂದೊಂದು ರೀತಿ ಇರುತ್ತದೆ, ಪ್ರವೇಶಧನ ಕಟ್ಟುವ ಮೊದಲು ಕರಪತ್ರದ ನಿಯಮ ಓದಿ.

ಇನ್ನೊಂದು ತಪ್ಪನ್ನೂ ಮಾಡಬೇಡಿ: ಇರುವ ರೈಟ್ ಕಾರ್ನರನ್ನು ಎಡಕ್ಕೆ ದಾಟಿಸುವುದು. ಬದಿ ಬದಲಾದರೆ ಮುಂದಿಡುವ ಕಾಲು, ಮೊದಲು ಚಾಚುವ ಕೈ, ಲಾಬಿಯ (ಅಂಕಣದ ಬದಿಯ ಪಟ್ಟಿ) ಅಂದಾಜು ಎಲ್ಲವೂ ತಿರುಗುಮುರುಗಾಗುತ್ತದೆ. ಎಡವೂ ಸಿಗದೆ ಬಲವೂ ಕೆಟ್ಟು ಎರಡೂ ಮೂಲೆ ಖಾಲಿಯಾಗುತ್ತವೆ. ಕವರನ್ನು ಮೂಲೆಗೆ ದೂಡುವುದೂ ಬೇಡ. ಕವರ್ ನಿಂತು ಮುಂದೆ ನುಗ್ಗಿ ಡ್ಯಾಶ್ ಕೊಡುವವನು (ಮೈಯಿಂದ ಗುದ್ದಿ ರೈಡರನ್ನು ಹೊರಗೆ ತಳ್ಳುವವನು), ಕಾರ್ನರ್ ಬಗ್ಗಿ ಕಾಯುವವನು. ಗುಣವೇ ಬೇರೆ.

ಹುಡುಗನನ್ನು ಆರಿಸುವಾಗ ಎತ್ತರ, ತೋಳು ನೋಡಿ ಮರುಳಾಗಬೇಡಿ. ಮೊಣಕಾಲು ಮಡಚಿ, ಕೈ ನೆಲಕ್ಕೂರದೆ 30 ಸೆಕೆಂಡ್ ಅಕ್ಕಪಕ್ಕಕ್ಕೆ ಸರಿಯಲು ಹೇಳಿ. 30 ಸೆಕೆಂಡ್ ಬಿಡುವು ಕೊಟ್ಟು ಮತ್ತೆ. ಹೀಗೆ ಹತ್ತು ಸಲ. ಪಂದ್ಯದ ತಾಳವೇ ಅದು, 20 ನಿಮಿಷದ ಒಂದು ಅರ್ಧದಲ್ಲಿ ಎದುರಾಳಿ ಸುಮಾರು 20 ಸಲ ಒಳಗೆ ಬರುತ್ತಾನೆ. ಏಳನೇ ಸಲಕ್ಕೆ ಸೊಂಟ ಮೇಲೆ ಎತ್ತದವನೇ ನಿಮ್ಮ ಕಾರ್ನರ್. ಒಬ್ಬನನ್ನಲ್ಲ, ಇಬ್ಬರನ್ನು ಆರಿಸಿ. ಮುಂದಿನ ವರ್ಷ ಇನ್ನೊಂದು ವೀಸಾ ಬರುವುದು ಖಂಡಿತ.

ಅಭ್ಯಾಸಕ್ಕೆ ಮೊದಲು ಅಂಕಣ. ಮಳೆಯಲ್ಲಿ ಮಣ್ಣು ಕೊಚ್ಚಿಹೋಗಿ ಕೆಂಪುಕಲ್ಲಿನ ಚೂರು ಮೇಲೆ ಎದ್ದಿರುತ್ತದೆ. ಒಂದು ಗೇಣು ಅಗೆದು, ಚೂರುಗಳನ್ನು ಜರಡಿಯಲ್ಲಿ ತೆಗೆದು, ಮರದ ಹುಡಿ ಬೆರೆಸಿ, ನೀರು ಚಿಮುಕಿಸಿ ಸಮ ಮಾಡಿ. ಹೊಸ ಹುಡುಗನ ಮೊಣಕಾಲು ಎರಡು ಸಲ ತರಚಿದರೆ ಮೂರನೇ ಸಲ ಅವನು ತಗ್ಗಿ ಹೋಗುವುದಿಲ್ಲ, ಆ ಹೆದರಿಕೆ ಇಡೀ ವರ್ಷ ಬಿಡುವುದಿಲ್ಲ.

ಮೊದಲ ಎರಡು ವಾರ ರೈಡರ್ ಬೇಡ. ಏಳು ಜನ ಕೈಹಿಡಿದು ಒಂದು ಲಾಬಿಯಿಂದ ಇನ್ನೊಂದಕ್ಕೆ, ಮುಂದೆ, ಹಿಂದೆ ಸರಿಯಲಿ. ಕೈ ಎಲ್ಲಿ ಬಿಡುತ್ತದೆ ನೋಡಿ, ಹೆಚ್ಚಾಗಿ ಕವರ್ ಮತ್ತು ಸೆಂಟರ್ ನಡುವೆ. ಮೂರು, ನಾಲ್ಕನೇ ವಾರ ರೈಡರ್ ಅರ್ಧ ವೇಗದಲ್ಲಿ ಬರಲಿ, ಎದುರಿಗೆ ಕಾರ್ನರ್, ಇನ್, ಕವರ್ ಮೂವರೇ. ಹೊರಡುವ ಹಳೆಯ ಕಾರ್ನರ್ ಇನ್ನೂ ಊರಲ್ಲಿರುವ ಕಾಲ ಇದು. ಅವನನ್ನು ಆಡಿಸಬೇಡಿ, ಹುಡುಗನ ಬೆನ್ನ ಹಿಂದೆ ಗೆರೆಯಾಚೆ ನಿಲ್ಲಿಸಿ. ರೈಡರ್‌ನ ಹಿಂಗಾಲು ನೆಲ ಬಿಟ್ಟ ಕೂಡಲೇ 'ಹಿಡಿ' ಎನ್ನಲಿ, ಬೇರೆ ಒಂದು ಮಾತೂ ಬೇಡ. ಹದಿನೈದು ದಿನ ಆ ಸ್ವರ ಕಿವಿಯಲ್ಲಿ ಕೂತರೆ ಅವನು ವಿಮಾನ ಹತ್ತಿದ ಮೇಲೂ ಅದು ಕೇಳುತ್ತಿರುತ್ತದೆ.

ಐದು, ಆರನೇ ವಾರ ಪೂರ್ಣ ವೇಗ, ದಿನಕ್ಕೆ 12ರಂತೆ ಮೂರು ಸುತ್ತು, 36 ರೈಡ್. ಕೊನೆಯ ಎರಡು ವಾರ ಮೂವರೇ ಉಳಿದಾಗ ರೈಡರನ್ನು ಹಿಡಿಯುವ ಸೂಪರ್ ಟ್ಯಾಕಲ್, ಜೊತೆಗೆ ವಾರಕ್ಕೆ ಎರಡು ಅಭ್ಯಾಸ ಪಂದ್ಯ. ಒಂದು ಪಂದ್ಯ ಭಾನುವಾರವೇ ಇರಲಿ, ಮಂಗಳೂರಿನವನು ಹೊಸ ಕಾರ್ನರ್ ಪಕ್ಕದಲ್ಲಿ ಆಡಬೇಕಾದದ್ದು ಆವತ್ತು. ಉಳಿದ ದಿನ ಎರಡನೇ ಕವರ್ ನಿಲ್ಲಲಿ.

ಒಂದು ನೋಟ್‌ಬುಕ್ ಇಡಿ. ಆಟಗಾರನ ಹೆಸರಿನಲ್ಲಿ ಬರೆಯಬೇಡಿ, ಜೋಡಿಯ ಹೆಸರಿನಲ್ಲಿ ಬರೆಯಿರಿ: ಎಡ ಕಾರ್ನರ್ ಮತ್ತು ಕವರ್, ಎಷ್ಟು ಸಲ ಕೈಹಾಕಿದರು, ಎಷ್ಟು ಸಲ ಹಿಡಿದರು, ತಪ್ಪಿದಾಗ ಎರಡನೆಯವನು ಬೇಗ ಬಂದನೋ ತಡವಾಗಿ ಬಂದನೋ. ಆರನೇ ವಾರದ ಹೊತ್ತಿಗೆ ಐದರಲ್ಲಿ ಎರಡು ಸಿಕ್ಕಿದರೆ ಜೋಡಿ ಕುದುರಿದೆ. ತಪ್ಪುಗಳಲ್ಲಿ 'ತಡ' ಎಂಬುದೇ ಹೆಚ್ಚಿದ್ದರೆ ಕಾರ್ನರನ್ನು ಬಯ್ಯಬೇಡಿ, ಕವರನ್ನು ಅರ್ಧ ಹೆಜ್ಜೆ ಹಿಂದಕ್ಕೂ ಒಂದು ಹೆಜ್ಜೆ ಮೂಲೆಯ ಕಡೆಗೂ ಸರಿಸಿ ನಿಲ್ಲಿಸಿ.