‘ಮಳೆ ಮಾಹಿತಿ ಕೊಡುತ್ತದೆ’ ಅಂದರೆ ಸಾಲದು

ನಮಸ್ಕಾರ.

ಎಐ ಏಜೆಂಟ್‌ಗಳಿಗೆ, ಅಂದರೆ ಬೇಕಾದ ಟೂಲನ್ನು (ಮಾಹಿತಿ ತರುವ, ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ತಾವೇ ಕರೆದು ಕೆಲಸ ಮಾಡುವ ಎಐಗಳಿಗೆ, ಟೂಲ್ ವಿವರಣೆ ಬರೆಯುವ ಬಗ್ಗೆ ಸೋಮವಾರಪೇಟೆಯಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಎಐ ಚರಿತ್ರೆ. ತೆಗೆದುಬಿಡಿ. ಓದುಗರಿಗೆ ಬೇಕಾದ ಮಾತು ಮೂರನೇ ಪುಟದಲ್ಲಿ ಅಡಗಿ ಕೂತಿದೆ: ಏಜೆಂಟ್ ಟೂಲ್‌ನ ಕೋಡ್ ನೋಡುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ ಕಾಣುವುದು ಟೂಲ್‌ನ ಹೆಸರು, ವಿವರಣೆ, ಏನೇನು ತುಂಬಬೇಕು ಅನ್ನುವ ಪಟ್ಟಿ, ಇಷ್ಟೇ. ಯಾವ ಟೂಲ್ ಕರೆಯಬೇಕು ಅಂತ ಅಷ್ಟರಲ್ಲೇ ತೀರ್ಮಾನಿಸುತ್ತದೆ. ಲೇಖನ ಇಲ್ಲಿಂದಲೇ ಶುರುವಾಗಲಿ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂತ್ರೊಪಿಕ್ ಎಂಸಿಪಿ (ಎಐಗೆ ಹೊರಗಿನ ಟೂಲ್ ಜೋಡಿಸುವ ಒಂದು ಸಮಾನ ವಿಧಾನ) ತಂದ ಮೇಲೆ, ಒಬ್ಬರು ಬರೆದ ಟೂಲನ್ನು ಇನ್ಯಾರದೋ ಏಜೆಂಟ್ ಬಳಸುವುದು ಸುಲಭವಾಗಿದೆ. ಪಕ್ಕದಲ್ಲಿ ಕೂತು ‘ಹಾಗಲ್ಲ, ಹೀಗೆ’ ಅಂತ ಹೇಳಲು ನೀವಿರುವುದಿಲ್ಲ.

ಈಗ ನಿಮ್ಮ ಉದಾಹರಣೆಗೆ ಬರೋಣ. ಟೂಲ್‌ನ ಹೆಸರು ‘ಮಳೆ_ಮಾಹಿತಿ’. ವಿವರಣೆ: ‘ತೋಟದ ಮಳೆ ಮಾಹಿತಿ ಕೊಡುತ್ತದೆ.’ ಹೆಸರಿನಲ್ಲಿ ಇದ್ದದ್ದೇ ಮತ್ತೆ ಬಂತು, ಅಲ್ವಾ? ಅದು ಕೊಟ್ಟ ಉತ್ತರ ಅಂತ ನೀವು ತೋರಿಸಿರುವುದು ‘80’. ಏನು 80? ನಮ್ಮ ಕಾಫಿ ತೋಟಗಳಲ್ಲಿ ಮಳೆ ಬರೆದಿಡುವುದು ಇಂಚು, ಸೆಂಟ್ ಲೆಕ್ಕದಲ್ಲಿ. ನೂರು ಸೆಂಟ್‌ಗೆ ಒಂದು ಇಂಚು. 80 ಸೆಂಟ್ ಅಂದರೆ ಸುಮಾರು 20 ಮಿಲಿಮೀಟರ್. 80 ಮಿಲಿಮೀಟರ್ ಅಂದರೆ ಮೂರು ಇಂಚಿಗೂ ಜಾಸ್ತಿ. ಮಾರ್ಚ್‌ನಲ್ಲಿ ಕಾಫಿ ಹೂ ಬಿಡಲು ಮಳೆ ಬೇಕಾದಾಗ ಬೆಳೆಗಾರರೊಬ್ಬರು ‘ಹೂಮಳೆ ಸಾಕಾಯ್ತಾ, ಸ್ಪ್ರಿಂಕ್ಲರ್ ಹಾಕಬೇಕಾ?’ ಅಂತ ಕೇಳಿದರೆ ಏಜೆಂಟ್ ಏನು ಹೇಳಬೇಕು? ಗೊತ್ತಿಲ್ಲ ಅಂತ ಸುಮ್ನೆ ಕೂರುತ್ತದೆ ಅನ್ನುವ ಭರವಸೆ ಇಲ್ಲ. ಎರಡರಲ್ಲಿ ಒಂದನ್ನು ಊಹಿಸಿ, ಗೊತ್ತಿದ್ದವರ ಹಾಗೆ ಹೇಳಿಬಿಡಬಹುದು.

ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಒಂದು ತೋಟದಲ್ಲಿ ಒಂದು ದಿನ ಅಳೆದು ಬರೆದಿಟ್ಟ ಮಳೆಯನ್ನು ಕೊಡುತ್ತದೆ. ಉತ್ತರ ಸೆಂಟ್‌ನಲ್ಲಿರುತ್ತದೆ, 100 ಸೆಂಟ್ ಅಂದರೆ 1 ಇಂಚು. ಆಗಿಹೋದ ಮಳೆಗೆ ಮಾತ್ರ ಬಳಸಿ. ಮುಂದಿನ ದಿನಗಳಿಗೆ ‘ಮಳೆ_ಮುನ್ಸೂಚನೆ’ ಇದೆ. ಆ ದಿನ ಯಾರೂ ಅಳೆದಿಲ್ಲದಿದ್ದರೆ ‘ದಾಖಲೆ ಇಲ್ಲ’ ಎಂದು ಬರುತ್ತದೆ. ಮಳೆ ಬಂದಿಲ್ಲ ಎಂದು ತಿಳಿಯಬೇಡಿ.’

ಆ ಕೊನೆಯ ವಾಕ್ಯವನ್ನು ಬರೆಯುವವರು ಕಡಿಮೆ. ಟೂಲ್ ಏನು ಮಾಡುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಏನು ಮಾಡುವುದಿಲ್ಲ, ಉತ್ತರ ಖಾಲಿ ಬಂದರೆ ಅರ್ಥವೇನು ಅನ್ನುವಲ್ಲೇ ಏಜೆಂಟ್ ಎಡವುವುದು ಜಾಸ್ತಿ.

ನಿಮ್ಮ ಇನ್ನೊಂದು ಉದಾಹರಣೆ ಕಾಫಿ ಬೆಲೆ ಹೇಳುವ ಟೂಲ್. ಅದರಲ್ಲಿ ‘ಕಾಫಿ ವಿಧ’ ಅನ್ನುವ ಜಾಗಕ್ಕೆ ಏನು ಬೇಕಾದರೂ ಬರೆಯಬಹುದು ಅಂತ ಬಿಟ್ಟಿದ್ದೀರಿ. ಯಾಕೆ? ಇಲ್ಲಿ ನಡೆಯುವುದು ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ. ಈ ನಾಲ್ಕನ್ನೇ ಕೊಟ್ಟು ಇದರಲ್ಲೇ ಆರಿಸು ಅನ್ನಿ. ಬೆಲೆ 50 ಕೆಜಿ ಚೀಲಕ್ಕೆ ಅಂತಲೂ ಹೇಳಿ. ಇಲ್ಲದಿದ್ದರೆ ಏಜೆಂಟ್ ಅದನ್ನು ಕೆಜಿ ಬೆಲೆ ಅಂದುಕೊಂಡು ಯಾರನ್ನಾದರೂ ಒಂದು ಸಂಜೆಯ ಮಟ್ಟಿಗೆ ಕೋಟ್ಯಾಧಿಪತಿ ಮಾಡೀತು.

‘ವಿವರಣೆ ಉದ್ದವಾದಷ್ಟೂ ಒಳ್ಳೆಯದು’ ಅನ್ನುವ ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ. ಎಲ್ಲ ಟೂಲ್‌ಗಳ ವಿವರಣೆಯನ್ನೂ ಸಂಭಾಷಣೆಯ ಜೊತೆಗೇ ಏಜೆಂಟ್‌ನ ಹಿಂದಿರುವ ಎಐ ಮಾದರಿಗೆ ಕೊಡುವುದು ರೂಢಿ. ಜಾಗವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ‘ಅತ್ಯಾಧುನಿಕ’, ‘ಶಕ್ತಿಶಾಲಿ’ ಇವೆಲ್ಲ ಹೊಡೆದುಹಾಕಿ. ಉಳಿದ ಜಾಗದಲ್ಲಿ ದಿನಾಂಕವನ್ನು 2025-03-14 ಅಂತ ಕೊಡಬೇಕು ಅನ್ನುವುದನ್ನು ಸೇರಿಸಿ. ತಪ್ಪಾದಾಗ ಬರುವ ಸಂದೇಶದಲ್ಲೂ ಅದೇ ಇರಲಿ. ಬರೀ ‘ದೋಷ’ ಅಂದರೆ ಏಜೆಂಟ್ ಏನು ತಿದ್ದಿಕೊಳ್ಳಬೇಕು?

ಇನ್ನೊಂದು, ಪರೀಕ್ಷೆ ಮಾಡಿ ನೋಡಿದ್ದು ಲೇಖನದಲ್ಲಿ ಎಲ್ಲೂ ಇಲ್ಲ. ‘ನಿನ್ನೆ ಸುಂಟಿಕೊಪ್ಪದ ತೋಟದಲ್ಲಿ ಮಳೆ ಎಷ್ಟು?’, ‘ನಾಳೆ ಕಾಫಿ ಒಣಗಿಸಬಹುದಾ?’ ಅಂತ ಎರಡನ್ನೂ ಕೇಳಿ. ಹಳೆಯ ವಿವರಣೆಗೆ ಯಾವ ಟೂಲ್ ಕರೆಯಿತು, ಹೊಸದಕ್ಕೆ ಯಾವುದು ಅಂತ ಬರೆದು ಕಳಿಸಿ. ಹಾಗೇ ‘ತೋಟ’ ಅನ್ನುವ ಜಾಗದಲ್ಲಿ ತೋಟದ ಹೆಸರು ಹಾಕಬೇಕೋ ನಂಬರ್ ಹಾಕಬೇಕೋ, ಅದೂ ನನಗೆ ತಿಳಿಯಲಿಲ್ಲ.