ಉಂಗುರ ಕರಗಿದ ಮೇಲೂ ಕತೆ ಯಾಕೆ ನಿಲ್ಲಲಿಲ್ಲ?

ಪ್ರಿಯ ಓದುಗರೇ,

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಮೂರನೇ ಸಂಪುಟ ಮುಗಿಸಿದ ರಾತ್ರಿಯೇ ನೀವು ಈ ಪತ್ರ ಬರೆದಿದ್ದೀರಿ. ಅದರಲ್ಲಿ ಸಿಟ್ಟು, ಅಳು, ಪ್ರೀತಿ ಎಲ್ಲ ಒಟ್ಟಿಗೇ ಇವೆ. ಲೋಕವನ್ನೇ ಆಳಬಲ್ಲ ಆ ಕೆಟ್ಟ ಉಂಗುರ ನಾಶವಾದ ಮೇಲೂ ಲೇಖಕರು ಸುಮ್ನೆ ಕತೆ ಎಳೆದರು ಎಂಬುದು ನಿಮ್ಮ ಮೊದಲ ದೂರು. ಅದನ್ನು ನಾಶಮಾಡಲು ಹೊತ್ತೊಯ್ದು ಅಷ್ಟೆಲ್ಲ ಕಷ್ಟಪಟ್ಟ ಫ್ರೋಡೊಗೆ ಕೊನೆಗೂ ಸುಖ ಕೊಡಲಿಲ್ಲ ಎಂಬುದು ಎರಡನೆಯದು. ಬೇರೆ ಪುಸ್ತಕ ಹಿಡಿಯಲು ಮನಸ್ಸೇ ಬರುತ್ತಿಲ್ಲ, ಏನು ಮಾಡಲಿ ಎಂದೂ ಕೇಳಿದ್ದೀರಿ. (ಈ ಕತೆಯನ್ನು ಇನ್ನೂ ಓದುತ್ತಿರುವವರು ದಯವಿಟ್ಟು ಈ ಪುಟ ಮಡಚಿಡಿ. ಮುಗಿಸಿದ ಮೇಲೆ ಬನ್ನಿ.)

ಮೊದಲ ದೂರಿಗೆ ಆಧಾರವಿದೆ, ಒಪ್ಪುತ್ತೇನೆ. ಕೊನೆಯ ಭಾಗದಲ್ಲಿ 9 ಅಧ್ಯಾಯಗಳಿವೆ. ಉಂಗುರ ಬೆಂಕಿಗೆ ಬೀಳುವುದು ಮೂರನೆಯದರಲ್ಲೇ. ಯುದ್ಧ ಮುಗಿದಲ್ಲಿಗೆ ಕತೆಯೂ ಮುಗಿಯಲಿ ಅನ್ನುವ ಆಸೆ ಹೊಸದೂ ಅಲ್ಲ. ಮಹಾಭಾರತದಲ್ಲಿ 18 ಪರ್ವಗಳಿದ್ದರೂ ನಮ್ಮ ಕುಮಾರವ್ಯಾಸ ಹತ್ತಕ್ಕೆ, ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಆ ಉಳಿದ ಪರ್ವಗಳಲ್ಲಿ ಏನಿದೆ ನೋಡಿ. ಹೆಂಗಸರ ಗೋಳು, ಗೆದ್ದವನ ಸಂಕಟ, ಯಾದವರ ನಾಶ, ಕೊನೆಯ ನಡಿಗೆ. ಗೆದ್ದು ಆದದ್ದೇನು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲೇ. ಟೋಲ್ಕಿನ್ ಕೂಡ ಆ ಪ್ರಶ್ನೆಯನ್ನು ಬಿಡಲಿಲ್ಲ. ಬಿಡದೇ ಇದ್ದದ್ದೇ ಸರಿ ಎಂಬುದು ನನ್ನ ಗಟ್ಟಿ ನಂಬಿಕೆ.

ಫ್ರೋಡೊ, ಸ್ಯಾಮ್, ಮೆರ್ರಿ, ಪಿಪ್ಪಿನ್ ಈ ನಾಲ್ವರು ಗೆಳೆಯರು ತಮ್ಮ ಊರಾದ ಶೈರ್‌ಗೆ ಮರಳುವ ಅಧ್ಯಾಯವನ್ನೇ ತೆಗೆದುಕೊಳ್ಳಿ. ನೀವು ಅದನ್ನು ‘ಬೇಡದ ಜಗಳ’ ಅಂದಿದ್ದೀರಿ. ನನಗೆ ಅದು ಇಡೀ ಕತೆಯ ಜೀವ. ಊರಲ್ಲಿ ಮರಗಳನ್ನು ಕಡಿದಿದ್ದಾರೆ. ಮನೆಗಳನ್ನು ಕೆಡವಿದ್ದಾರೆ. ಬೆಳೆದದ್ದನ್ನು ಪುಂಡರು ಹೊತ್ತುಕೊಂಡು ಹೋಗುತ್ತಿದ್ದಾರೆ. ಈ ಸಲ ಜೊತೆಗೆ ಮಾಂತ್ರಿಕ ಗ್ಯಾಂಡಾಲ್ಫ್ ಇಲ್ಲ. ಹುಡುಗಾಟಿಕೆಯಲ್ಲಿ ಹೊರಟಿದ್ದ ಮೆರ್ರಿ, ಪಿಪ್ಪಿನ್ ಈಗ ಊರಿನವರನ್ನು ಒಟ್ಟುಗೂಡಿಸಿ ಮುಂದೆ ನಿಲ್ಲುತ್ತಾರೆ. ಫ್ರೋಡೊ ಮಾತ್ರ ಕತ್ತಿ ಹಿರಿಯುವುದಿಲ್ಲ. ಶರಣಾದವರನ್ನು ತನ್ನವರೇ ಕೊಲ್ಲದಂತೆ ತಡೆಯುವುದೇ ಅವನಿಗೆ ದೊಡ್ಡ ಕೆಲಸವಾಗುತ್ತದೆ. ಆ ಪ್ರಯಾಣ ಯಾರನ್ನು ಏನು ಮಾಡಿತು ಎಂದು ನಮಗೆ ತಿಳಿಯುವುದು ಇಲ್ಲಿ. ಉಂಗುರ ಕರಗಿದ ಬೆಂಕಿಬೆಟ್ಟದಲ್ಲೇ ಕತೆ ನಿಂತಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ. 2003ರ ಸಿನಿಮಾ ಈ ಅಧ್ಯಾಯವನ್ನು ಕೈಬಿಟ್ಟಿತು. ಸಿನಿಮಾ ಬಹಳ ಚೆನ್ನಾಗಿದೆ, ಆದರೆ ಈ ಕೊರತೆ ನನಗೆ ಇವತ್ತಿಗೂ ಕಾಡುತ್ತದೆ.

ಇನ್ನು ಫ್ರೋಡೊ. ಬೆಟ್ಟದ ಮೇಲೆ ನಡೆದದ್ದನ್ನು ಇನ್ನೊಮ್ಮೆ ಓದಿ. ಅವನು ಉಂಗುರವನ್ನು ಎಸೆಯಲೇ ಇಲ್ಲ. ಇದು ನನ್ನದು ಎಂದು ಹಾಕಿಕೊಂಡ. ಹಿಂದೆ ಆ ಉಂಗುರ ಇಟ್ಟುಕೊಂಡಿದ್ದ ಗೊಲ್ಲಮ್ ಅವನ ಬೆರಳು ಕಚ್ಚಿ ಉಂಗುರ ಕಿತ್ತುಕೊಂಡು, ಕಾಲು ಜಾರಿ ಬೆಂಕಿಗೆ ಬಿದ್ದ. ಹಾಗೆ ಬೀಳಲು ಗೊಲ್ಲಮ್ ಅಲ್ಲಿಯವರೆಗೆ ಬದುಕಿರಬೇಕಿತ್ತಲ್ಲ? ಬದುಕಿದ್ದದ್ದು ಫ್ರೋಡೊಗಿಂತ ಮೊದಲು ಉಂಗುರ ಹೊಂದಿದ್ದ ಬಿಲ್ಬೋ, ಆಮೇಲೆ ಫ್ರೋಡೊ, ಕೊನೆಗೆ ಸ್ಯಾಮ್ ಕೂಡ ತೋರಿಸಿದ ಕರುಣೆಯಿಂದ. ಲೋಕ ಉಳಿದದ್ದು ಫ್ರೋಡೊನ ಶಕ್ತಿಯಿಂದಲ್ಲ, ಅವನ ದಯೆಯಿಂದ. ಆದರೆ ಕೊನೆಯ ಗಳಿಗೆಯಲ್ಲಿ ತಾನು ಸೋತೆ ಎಂಬುದು ಅವನಿಗೆ ಗೊತ್ತು. ಅಂಥವನು ಮನೆಗೆ ಬಂದು ಗೆದ್ದವನಂತೆ ಹೇಗೆ ಬಾಳುತ್ತಾನೆ? ಗಾಯವಾದ ದಿನ ಮರಳಿ ಬಂದಾಗಲೆಲ್ಲ ಅವನಿಗೆ ಹುಷಾರು ತಪ್ಪುತ್ತದೆ. ಅದನ್ನು ಸ್ಯಾಮ್‌ನಿಂದ ಮುಚ್ಚಿಡುತ್ತಾನೆ. ಶೈರ್ ಉಳಿಯಿತು, ಆದರೆ ತನಗಾಗಿ ಅಲ್ಲ ಎಂದು ಕೊನೆಗೆ ಹೇಳಿ, ಬಂದರಿನಲ್ಲಿ ಸ್ಯಾಮ್‌ನನ್ನು ಅಗಲಿ ಹಡಗು ಹತ್ತಿ ಸಮುದ್ರ ದಾಟಿ ಹೋಗುತ್ತಾನೆ.

ಟೋಲ್ಕಿನ್ 1916ರಲ್ಲಿ ಮೊದಲನೇ ಮಹಾಯುದ್ಧದ ಸೋಮ್ ಕದನದಲ್ಲಿ ಇದ್ದವರು. 1918ರ ಹೊತ್ತಿಗೆ ತಮ್ಮ ಆಪ್ತ ಗೆಳೆಯರಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಸತ್ತಿದ್ದರು ಎಂದು ಈ ಪುಸ್ತಕದ ಮುನ್ನುಡಿಯೊಂದರಲ್ಲೇ ಬರೆದಿದ್ದಾರೆ. ಕತೆಯನ್ನು ಯಾವುದೋ ಯುದ್ಧದ ರೂಪಕವಾಗಿ ಓದುವುದು ಅವರಿಗೆ ಇಷ್ಟವಿರಲಿಲ್ಲ, ನಾನೂ ಹಾಗೆ ಓದುತ್ತಿಲ್ಲ. ಆದರೆ ಬದುಕಿ ಬಂದವರೆಲ್ಲ ವಾಸಿಯಾಗಿ ಬರುವುದಿಲ್ಲ ಎಂದು ತಿಳಿದವರ ಬರಹ ಇದು. ಫ್ರೋಡೊನನ್ನು ನಗುನಗುತ್ತಾ ಮನೆಯಲ್ಲಿ ಕೂರಿಸಿದ್ದರೆ ಅದು ಅವನ ಗಾಯಕ್ಕೆ ಮಾಡಿದ ಅವಮಾನವಾಗುತ್ತಿತ್ತು. ಸುಖವನ್ನು ಅವರು ಕೊಟ್ಟಿದ್ದಾರೆ, ಸ್ಯಾಮ್‌ಗೆ. ಪುಸ್ತಕದ ಕೊನೆಯ ಮಾತು ಅವನದೇ, ಹೆಂಡತಿ ಮಗುವಿನ ಎದುರು ಆಡಿದ್ದು.

ಬೇರೆ ಪುಸ್ತಕ ಬೇಡ ಅನ್ನಿಸುವುದು ಸಹಜ. ಇಷ್ಟು ದಿನ ಜೊತೆಗಿದ್ದವರು ಒಮ್ಮೆಲೇ ಎದ್ದು ಹೋದಂತಾಗಿದೆ, ಅಲ್ವಾ? ಆ ಜಾಗ ತುಂಬಲು ಅವಸರದಲ್ಲಿ ಇನ್ನೊಂದು ಸರಣಿ ಶುರು ಮಾಡಬೇಡಿ. ಪ್ರತಿ ಪುಟದಲ್ಲೂ ಇದರ ಜೊತೆ ಹೋಲಿಸುತ್ತೀರಿ, ಪಾಪ ಆ ಪುಸ್ತಕಕ್ಕೆ ಅನ್ಯಾಯವಾಗುತ್ತದೆ.

ಅದರ ಬದಲು ಕೊನೆಯಲ್ಲಿರುವ ಅನುಬಂಧ ತೆರೆಯಿರಿ. ಜಾಸ್ತಿ ಜನ ಅದನ್ನು ಬಿಟ್ಟುಬಿಡುತ್ತಾರೆ, ನೀವೂ ಬಿಟ್ಟಿದ್ದೀರಿ ಎಂದು ಪತ್ರದಿಂದ ಗೊತ್ತಾಗುತ್ತದೆ. ರಾಜನಾದ ಅರಗಾರ್ನ್ ಮತ್ತು ಅವನ ಹೆಂಡತಿ ಆರ್ವೆನ್‌ರ ಕತೆ ಅಲ್ಲೇ ಇರುವುದು. ವರ್ಷವಾರು ಪಟ್ಟಿಯಲ್ಲಿ ಸ್ಯಾಮ್‌ನ ಮುಂದಿನ ಬಾಳೂ ಇದೆ. ಅವನು 7 ಸಲ ಊರಿನ ಮೇಯರ್ ಆಗುತ್ತಾನೆ. ಹೆಂಡತಿ ತೀರಿಕೊಂಡ ಮೇಲೆ ಮನೆ ಬಿಟ್ಟು ಹೊರಡುತ್ತಾನೆ. ಉಂಗುರ ಹೊತ್ತವರಲ್ಲಿ ಕೊನೆಯವನಾಗಿ ಅವನೂ ಸಮುದ್ರ ದಾಟಿದ ಎಂಬ ಮಾತು ಅವನ ಮನೆತನದಲ್ಲಿ ಉಳಿದಿದೆ, ಅಷ್ಟೇ ಹೇಳಿ ಲೇಖಕರು ಸುಮ್ಮನಾಗುತ್ತಾರೆ. ಬಂದರಿನಲ್ಲಿ ಆದ ಅಗಲಿಕೆ ಕಡೆಯದಲ್ಲ ಎಂದು ನಂಬಲು ನನಗೆ ಅಷ್ಟು ಸಾಕು. ನಿಮಗೂ ಸಾಕಾಗುತ್ತದೆಯೇ, ಓದಿ ಬರೆಯಿರಿ. ಸಿಟ್ಟು ಆಗಲೂ ಇಳಿಯದಿದ್ದರೆ ಆ ಪತ್ರವನ್ನೂ ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ